ಬರೆಯದ ಕೊಸರು

ಮನುಷ್ಯರ ಆಯಸ್ಸು ಹೇಳುವ ಜೋಯಿಸರಿಗೆ ನಮ್ಮಲ್ಲಿ ಎಂದೂ ಕೊರತೆ ಇರಲಿಲ್ಲ. ಉಕ್ಕಿನ ಆಯಸ್ಸು ಹೇಳುವ ಜೋಯಿಸ ಮಾತ್ರ ಒಬ್ಬನೇ ಒಬ್ಬ. ಅವನು ಇದ್ದದ್ದು ತೆಂಕಬೆಂಗ್ರೆಯ ಹಡಗುಕಟ್ಟೆಯಲ್ಲಿ, ಕಚೇರಿಯ ಮೂರನೇ ಮಹಡಿಯ ತಣ್ಣನೆಯ ಕೋಣೆಯೊಳಗೆ. ಸರಕಾರಿ ಕಾಗದಗಳಲ್ಲಿ ಆ ಯಂತ್ರಕ್ಕೆ ಮಾರುದ್ದದ ಹೆಸರಿತ್ತು. ವೆಲ್ಡರುಗಳು ಮೊದಲ ವಾರವೇ ಅದನ್ನು ಜೋಯಿಸ ಎಂದು ಕರೆದರು, ಆಮೇಲೆ ಅಧಿಕಾರಿಗಳೂ ಮೀಟಿಂಗಿನಲ್ಲಿ ಬಾಯಿತಪ್ಪಿ ಹಾಗೆಯೇ ಹೇಳತೊಡಗಿದರು.

ಜೋಯಿಸನ ವಿದ್ಯೆ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಹಡಗಿನ ತಳದ ಒಳಬದಿಗೆ ಅಂಗಿಯ ಗುಂಡಿಯಷ್ಟು ದೊಡ್ಡ ಕಿವಿಗಳನ್ನು ಅಂಟಿಸಿರುತ್ತಾರೆ. ಪ್ರತಿ ಕಿವಿ ದಿನಕ್ಕೊಮ್ಮೆ ಉಕ್ಕಿನ ಪ್ಲೇಟಿನೊಳಗೆ ಒಂದು ಸಣ್ಣ ಸದ್ದು ಕಳಿಸುತ್ತದೆ. ಆ ಸದ್ದು ಆಚೆ ಮುಖಕ್ಕೆ ತಾಗಿ ಮರಳಲು ಹಿಡಿಯುವ ಹೊತ್ತನ್ನು ಅಳೆದರೆ ಪ್ಲೇಟು ಇವತ್ತು ಎಷ್ಟು ದಪ್ಪ ಉಳಿದಿದೆ ಎಂದು ತಿಳಿಯುತ್ತದೆ. ಕಟ್ಟುವಾಗ ಎಷ್ಟಿತ್ತು, ಈಗ ಎಷ್ಟಿದೆ, ನಡುವೆ ಉಪ್ಪುನೀರು ತಿಂದದ್ದೆಷ್ಟು? ಇಷ್ಟು ಸಿಕ್ಕಿದರೆ ಮುಂದೆ ಕಡಲು ಎಷ್ಟು ವೇಗದಲ್ಲಿ ತಿನ್ನುತ್ತದೆ ಎಂದು ಹೇಳಬಹುದು. ಒಂಬತ್ತು ಹಡಗುಗಳ ಸದ್ದು ಕೇಳಿ ಕೇಳಿ ಜೋಯಿಸ ಈ ಲೆಕ್ಕದಲ್ಲಿ ಪಳಗಿದ್ದ.

ಹಡಗು ಎಂದರೆ ಸರಕು ಸಾಗಿಸುವ ಹಡಗಲ್ಲ. ಕಡಲು ಮೇಲೆ ಬಂದು ಕರಾವಳಿಯ ಊರುಗಳನ್ನು ಒಂದೊಂದಾಗಿ ನುಂಗತೊಡಗಿದ ಮೇಲೆ ಜನ ಇರಲಿಕ್ಕೆಂದೇ ಕಟ್ಟಿದ ತೇಲೂರುಗಳು ಅವು. ಒಂದೊಂದರಲ್ಲಿ ಸಾವಿರದಿನ್ನೂರು ಮನೆ, ಶಾಲೆ, ಆಸ್ಪತ್ರೆ, ಬಲೆ ಹೊಲಿಯಲು ಅಂಗಳ. ಇಷ್ಟು ದೊಡ್ಡದನ್ನು ಒಮ್ಮೆ ನೀರಿಗೆ ಇಳಿಸಿದರೆ ಮತ್ತೆ ಮೇಲೆತ್ತಿ ತಳ ರಿಪೇರಿ ಮಾಡುವ ಶಕ್ತಿ ಯಾರಿಗೂ ಇಲ್ಲ. ಕಟ್ಟುವಾಗ ಎಷ್ಟು ಆಯಸ್ಸು ಕೊಟ್ಟಿರೋ ಅಷ್ಟೇ. ಇಪ್ಪತ್ತೆಂಟು ವರ್ಷಕ್ಕಿಂತ ಕಡಿಮೆ ಆಯಸ್ಸಿನ ತೇಲೂರಿಗೆ ಜನರನ್ನು ಹತ್ತಿಸಕೂಡದು ಎಂದು ಸರಕಾರ ಕಾನೂನು ಮಾಡಿತ್ತು.

ಪ್ರಪಂಚವೆಲ್ಲ ತೇಲೂರು ಕಟ್ಟಲು ಹೊರಟ ಕಾಲ ಅದು. ಉಕ್ಕಿನ ಬೆಲೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಅಂಥ ಪೇಟೆಯಲ್ಲಿ ಒಂಬತ್ತು ಹಡಗಿಗೆ ಉಕ್ಕು ಕೊಂಡವಳು ಖರೀದಿ ವಿಭಾಗದ ಜಲಜ ಸುವರ್ಣ. ಯಾವ ಕಾರ್ಖಾನೆಯ ಕುಲುಮೆ ಯಾವ ತಿಂಗಳು ರಿಪೇರಿಗೆ ನಿಲ್ಲುತ್ತದೆ, ನಿಲ್ಲುವ ಮೊದಲು ಯಾರು ಅಂಗಳ ಖಾಲಿ ಮಾಡಲು ಅಗ್ಗಕ್ಕೆ ಕೊಡುತ್ತಾರೆ, ಮಳೆಗಾಲದಲ್ಲಿ ಘಾಟಿಯ ರೈಲು ಬಂದ್ ಆದರೆ ಎಷ್ಟು ದಿನದ ದಾಸ್ತಾನು ಬೇಕು, ಇದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಮೂರು ವರ್ಷದ ಹಿಂದೆ ಆ ಕೆಲಸ ಜೋಯಿಸನ ಪಾಲಾಯಿತು. ಟನ್ನಿಗೆ ಇಷ್ಟು ಎನ್ನುವುದು ಹೋಗಿ, ಆಯಸ್ಸಿನ ವರ್ಷಕ್ಕೆ ಇಷ್ಟು ಎಂಬ ದರ ಬಂತು. ಎಷ್ಟು ದಪ್ಪದ ಪ್ಲೇಟು ಬೇಕು, ಅದಕ್ಕೆ ಎಷ್ಟು ಕೊಡಬೇಕು ಎಂದು ಯಂತ್ರ ಹೇಳುವುದು, ಜಲಜ ಸಹಿ ಹಾಕುವುದು. ಅವಳ ನಿವೃತ್ತಿಗೆ ಇನ್ನೊಂದು ತಿಂಗಳಿತ್ತು.

ಹತ್ತನೇ ತೇಲೂರು ನೀರಿಗಿಳಿಯಲು ಹನ್ನೊಂದು ದಿನ ಇರುವಾಗ ಅವಳು ಆಯಸ್ಸಿನ ಪ್ರಮಾಣಪತ್ರಕ್ಕೆ ಸಹಿ ಹಾಕಲು ಮೂರನೇ ಮಹಡಿಗೆ ಹೋದಳು. ಜೋಯಿಸನನ್ನು ನೋಡಿಕೊಳ್ಳುವ ಎಂಜಿನಿಯರು ಶೈನಿ ರೇಗೊ ಕುರ್ಚಿ ಎಳೆದು ಕೊಟ್ಟಳು. ಮೂವತ್ತರ ಒಳಗಿನ ಹುಡುಗಿ, ಕೆಲಸದಲ್ಲಿ ಗಟ್ಟಿ, ಜಲಜಳ ಮೇಲೆ ಪ್ರೀತಿ.

"ಶೈನಿ, ಈ ಹಡಗಿಗೆ ಹದಿನಾಲ್ಕು ಮಿಲಿಮೀಟರಿನ ಪ್ಲೇಟು ಸಾಕಾಗ್ತದಾ? ನಾವೆಲ್ಲ ಹದಿನಾರು ಹಾಕ್ತಿದ್ದದ್ದು" ಎಂದಳು ಜಲಜ. ಕೇಳಬೇಕೆಂದು ಕೇಳಿದ್ದಲ್ಲ, ಹಳೆಯ ಅಭ್ಯಾಸ.

"ಧಾರಾಳ ಸಾಕು ಜಲಜಕ್ಕ. ಮೊದಲನೇ ತೇಲೂರು ನೋಡಿ. ಕಟ್ಟುವಾಗ ಹದಿನಾರು. ಇಪ್ಪತ್ತು ವರ್ಷ ಆದ ಮೇಲೆ ಇವತ್ತು ಹದಿನಾಲ್ಕು ಪಾಯಿಂಟ್ ಆರು. ಅಂದ್ರೆ ಕಡಲು ತಿಂದದ್ದು ಬರೇ ಒಂದು ಪಾಯಿಂಟ್ ನಾಲ್ಕು. ನಾವು ಸುಮ್ಮನೆ ಹೆದರಿ ದಪ್ಪ ಹಾಕ್ತಿದ್ದದ್ದು. ಹನ್ನೆರಡಕ್ಕಿಂತ ಕೆಳಗೆ ಹೋದ್ರೆ ಮಾತ್ರ ತಳ ಮಡಚುವ ಭಯ. ಹದಿನಾಲ್ಕರಿಂದ ಹನ್ನೆರಡಕ್ಕೆ ಇಳೀಲಿಕ್ಕೆ ಈ ಲೆಕ್ಕದಲ್ಲಿ ಇಪ್ಪತ್ತೆಂಟು ವರ್ಷ ಬೇಕು."

"ಕಟ್ಟುವಾಗ ಹದಿನಾರು ಇತ್ತು ಅಂತ ಯಂತ್ರಕ್ಕೆ ಹೇಗೆ ಗೊತ್ತು? ಆಗ ಕಿವಿ ಇರ್ಲಿಲ್ಲ ಅಲ್ವಾ?"

ಶೈನಿ ನಕ್ಕಳು. "ನೀವೇ ಹೇಳಿದ್ದು! ಕಿವಿ ಅಂಟಿಸಿ ಮೂರೇ ವರ್ಷ, ಅಷ್ಟರ ಸವೆತ ಲೆಕ್ಕ ಹಾಕ್ಲಿಕ್ಕೆ ಸಾಲುದಿಲ್ಲ. ಅದಕ್ಕೆ ನಿಮ್ಮ ಆವಕ ರಿಜಿಸ್ಟರು. ಒಂಬತ್ತು ಹಡಗಿನ ಒಂದೊಂದು ಪ್ಲೇಟಿನ ದಪ್ಪ ನಿಮ್ಮ ಅಕ್ಷರದಲ್ಲಿ ಉಂಟಲ್ಲ. ಜೋಯಿಸ ಓದು ಕಲಿತದ್ದೇ ಅದರಲ್ಲಿ."

ಜಲಜಳ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. "ಕನ್ನಡಕ ತರ್ಲಿಲ್ಲ, ನಾಳೆ ಬಂದು ಹಾಕ್ತೇನೆ" ಎಂದು ಎದ್ದಳು. ಕನ್ನಡಕ ಮೂಗಿನ ಮೇಲೇ ಇತ್ತು. ಶೈನಿ ಅದನ್ನು ನೋಡಿದಳು.

ಕೊಸರು ಎಂದರೇನೆಂದು ಸಂತೆಗೆ ಹೋದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಲಜಳ ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು. ಹತ್ತು ಬಂಗುಡೆ ಎಣಿಸಿ ಹಾಕಿ, ಮೇಲೊಂದು ಸಣ್ಣದನ್ನು ಎಣಿಸದೆ ಇಡುತ್ತಿದ್ದಳು. ಕೊಸರನ್ನು ಎಣಿಸಬಾರದು, ಎಣಿಸಿದರೆ ಅದೂ ವ್ಯಾಪಾರವೇ ಆಯಿತು ಎನ್ನುವುದು ಅವಳ ಶಾಸ್ತ್ರ. ಆ ಶಾಸ್ತ್ರವನ್ನು ಮಗಳು ಉಕ್ಕಿನ ಪೇಟೆಗೆ ಒಯ್ದಳು.

ಮೊದಲ ತೇಲೂರಿಗೆ ಉಕ್ಕು ಕೊಳ್ಳುವಾಗ ಬಳ್ಳಾರಿ ಕಡೆಯ ಕಾರ್ಖಾನೆಯ ಮಾರಾಟದವನು, ಕೊಟ್ರೇಶಿ, ದರದಲ್ಲಿ ಒಂದು ಪೈಸೆ ಇಳಿಯಲಿಲ್ಲ. ಮೂರು ದಿನ ಜಗ್ಗಾಡಿ ಸಾಕಾಗಿ ಜಲಜ ಫೋನಿನಲ್ಲಿ, "ಆಯ್ತು ಮಾರಾಯ್ರೆ, ರೇಟು ಇರ್ಲಿ. ಕೊಸರು ಎಂತ ಕೊಡ್ತೀರಿ?" ಎಂದಿದ್ದಳು. ಅವನು ಬಿದ್ದು ಬಿದ್ದು ನಕ್ಕ. "ಅಕ್ಕಾರ, ಇದೇನ್ ಬದನೀಕಾಯಿ ವ್ಯಾಪಾರ ಏನ್ರಿ?" ನಕ್ಕವನು ಮರುದಿನ ತಾನೇ ಫೋನು ಮಾಡಿದ. ಪ್ಲೇಟು ಒತ್ತುವ ರೋಲರು ಸವೆದು ಬದಲಾಯಿಸುವ ಮೊದಲಿನ ಕೆಲವು ದಿನ ಪ್ಲೇಟು ಒಂದಿಷ್ಟು ದಪ್ಪಗೆ ಬರುತ್ತದೆ, ಅಳೆದು ಕೊಳ್ಳುವವರು ಅದನ್ನು ಬೇಡವೆನ್ನುತ್ತಾರೆ, ಅವನ್ನೇ ನಿಮಗೆ ಕಳಿಸುತ್ತೇನೆ, ಬಿಲ್ಲು ಮಾತ್ರ ಹದಿನಾರರದ್ದೇ ಎಂದ. ಬಂದ ಪ್ಲೇಟುಗಳು ಹದಿನಾರು ಪಾಯಿಂಟ್ ಆರು ಇದ್ದವು. ಹಾಗೆಂದು ಬರೆದರೆ ಬಿಲ್ಲಿಗೂ ಸರಕಿಗೂ ತಾಳೆಯಾಗದೆ ಆಡಿಟಿನವರು ಕೊಟ್ರೇಶಿಯ ಕುತ್ತಿಗೆ ಹಿಡಿಯುತ್ತಿದ್ದರು. ಜಲಜ ಹದಿನಾರು ಎಂದೇ ಬರೆದಳು. ಒಂಬತ್ತು ಹಡಗಿಗೂ ಹೀಗೆಯೇ ನಡೆಯಿತು. ಹಡಗುಗಳು ಲೆಕ್ಕಕ್ಕಿಂತ ಒಂದು ಬೆರಳು ಹೆಚ್ಚು ಮುಳುಗಿದಾಗ ನಕಾಶೆಯವರು ಬಣ್ಣ ಜಾಸ್ತಿಯಾಯಿತೆಂದು ಬಣ್ಣದವರನ್ನು ಬೈದರು. ಕೊಟ್ರೇಶಿಯ ಜೇಬಿಗಾಗಲಿ ಜಲಜಳ ಜೇಬಿಗಾಗಲಿ ಒಂದು ಕಾಸು ಹೋಗಲಿಲ್ಲ. ಜನ ಇರುವ ಹಡಗು, ನಾಲ್ಕು ದಿನ ಹೆಚ್ಚು ಬಾಳಲಿ ಎಂದಷ್ಟೇ ಅವಳ ಆಸೆ.

ಈಗ ಬಸ್ಸಿನಲ್ಲಿ ಕೂತು ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಕಡಲು ಇಪ್ಪತ್ತು ವರ್ಷದಲ್ಲಿ ತಿಂದದ್ದು ಒಂದು ಪಾಯಿಂಟ್ ನಾಲ್ಕಲ್ಲ, ಎರಡು. ಹತ್ತನೇ ಹಡಗಿನ ತಳ ಹದಿನಾಲ್ಕರಿಂದ ಹನ್ನೆರಡಕ್ಕೆ ಬರಲು ಇಪ್ಪತ್ತೆಂಟು ವರ್ಷ ಬೇಕಿಲ್ಲ, ಇಪ್ಪತ್ತೇ ಸಾಕು. ಕೊನೆಯ ಎಂಟು ವರ್ಷ ಜನ ಗೊತ್ತಿಲ್ಲದೆ ಒಡೆಯುವ ಮಡಕೆಯೊಳಗೆ ಕೂತಿರುತ್ತಾರೆ.

ಗುಡ್ಡೆಯ ಮೇಲಿನ ಶೆಡ್ಡಿನಲ್ಲಿ ಅವಳು ತಂಗಿಯ ಮಗಳು ಶಶಿಕಲಾಳ ಜೊತೆ ಇದ್ದಳು. ಮನೆ ಕಡಲಿಗೆ ಹೋಗಿ ಐದು ಮಳೆಗಾಲ ಕಳೆದಿತ್ತು. ತಗಡಿನ ಗೋಡೆಯ ಆಚೆ ಒಂದು ಸಂಸಾರ, ಈಚೆ ಒಂದು ಸಂಸಾರ. ಯಾರ ಮನೆಯ ಕೆಮ್ಮೂ ಗುಟ್ಟಲ್ಲ. ಹತ್ತನೇ ತೇಲೂರಿನಲ್ಲಿ ಶಶಿಕಲಾಳ ಹೆಸರಿಗೆ ಮನೆ ಬಂದಿತ್ತು, ಮೂರನೇ ಅಂತಸ್ತು, ಬಡಗು ದಿಕ್ಕಿಗೆ ಕಿಟಕಿ. ಗಂಡ ಬೋಟಿಗೆ ಹೋಗಿದ್ದ. ಅವಳು ಆಗಲೇ ಪಾತ್ರೆಗಳನ್ನು ಗೋಣಿಗೆ ತುಂಬಿ ಬಾಯಿ ಹೊಲಿದಿದ್ದಳು.

"ದೊಡ್ಡಮ್ಮ, ಕಡೆಯುವ ಕಲ್ಲು ಕೊಂಡುಹೋಗ್ಲಿಕ್ಕೆ ಬಿಡ್ತಾರಾ? ತೂಕ ಅಂತ ಹೇಳ್ತಾರೋ ಏನೋ."

"ಬಿಡ್ತಾರೆ" ಎಂದಳು ಜಲಜ.

ಶಶಿಕಲಾಳ ನಾಲ್ಕು ವರ್ಷದ ಮಗಳು ದಿಶಾ ಗೋಣಿಯ ಮೇಲೆ ಹತ್ತಿ ಕೂತು ಇದೇ ಹಡಗು ಎಂದು ಆಡುತ್ತಿದ್ದಳು. ಜಲಜ ಅವಳನ್ನು ನೋಡಿ ಬಾಗಿಲಾಚೆ ಹೋಗಿ ಕೊಟ್ರೇಶಿಗೆ ಫೋನು ಹಚ್ಚಿದಳು. ಅವನು ಈಗ ಊರು ಸೇರಿ ಮೊಮ್ಮಕ್ಕಳ ಜೊತೆಗಿದ್ದ. ಎಲ್ಲ ಕೇಳಿಸಿಕೊಂಡ.

"ಬ್ಯಾಡ್ರಿ ಅಕ್ಕಾರ" ಎಂದ ಕೊನೆಗೆ. "ನಾವಿಬ್ಬರೂ ಕಳ್ಳರಾಗ್ತೀವಿ. ಯಾರ್ ನಂಬ್ತಾರ್ರಿ, ಪುಕ್ಕಟೆ ಕೊಟ್ರು, ಪುಕ್ಕಟೆ ತಗೊಂಡ್ರು ಅಂದ್ರ? ಇಪ್ಪತ್ತು ವರ್ಷದ ಮಾತು. ಅಷ್ಟೊತ್ತಿಗೆ ನೀವಿಲ್ಲ, ನಾನಿಲ್ಲ."

"ದಿಶಾ ಇರ್ತಾಳೆ ಕೊಟ್ರೇಶಿ" ಎಂದಳು ಜಲಜ. "ಅವಳಿಗೆ ಆಗ ಇಪ್ಪತ್ತನಾಲ್ಕು."

ದಿಶಾ ಯಾರೆಂದು ಅವನು ಕೇಳಲಿಲ್ಲ. "ಹಂಗಾದ್ರ ನನ್ನ ಹೆಸರೂ ಹೇಳಿಬಿಡ್ರಿ, ಒಬ್ಬಾಕಿನೇ ಹೊರಬ್ಯಾಡ್ರಿ" ಎಂದು ಫೋನಿಟ್ಟ.

ಮರುದಿನ ಬೆಳಿಗ್ಗೆ ಅವಳು ಎಲ್ಲವನ್ನೂ ಶೈನಿಗೆ ಹೇಳಿದಳು. ಶೈನಿ ಮೊದಲು ನಂಬಲಿಲ್ಲ, ಆಮೇಲೆ ನಂಬಿದಳು, ಆಮೇಲೆ ಸಿಟ್ಟಿಗೆದ್ದಳು. "ಅಯ್ಯೋ ದೇವರೇ, ಮೂರು ವರ್ಷದಿಂದ ನಾನು ಇದರ ಮುಂದೆ ಕೂತಿದ್ದೇನೆ ಜಲಜಕ್ಕ! ಒಂದು ಮಾತು ಹೇಳ್ಬಾರ್ದಿತ್ತಾ?"

"ಯಂತ್ರ ನನ್ನ ಪುಸ್ತಕ ಓದಿ ಕಲಿತದ್ದು ಅಂತ ನಂಗೆ ಯಾರೂ ಹೇಳ್ಲಿಲ್ಲ ಮಗಾ. ಸಹಿ ಹಾಕಿ ಅಂದ್ರಿ, ಹಾಕಿದೆ."

ಇಬ್ಬರೂ ಹಡಗುಕಟ್ಟೆಯ ದೊಡ್ಡ ಮ್ಯಾನೇಜರು ಪ್ರಭಾಕರ ಬಾಳಿಗರ ಬಳಿ ಹೋದರು. ಬಾಳಿಗರು ಕೆಟ್ಟವರಲ್ಲ. ಶೆಡ್ಡುಗಳಲ್ಲಿ ಕಳೆದ ಮಳೆಗಾಲದ ಜ್ವರಕ್ಕೆ ಏಳು ಮಂದಿ ಸತ್ತದ್ದು ಅವರಿಗೆ ಗೊತ್ತಿತ್ತು, ಹಡಗು ಬೇಗ ಇಳಿಸಬೇಕೆಂದು ಅವರು ಹಗಲಿರುಳು ದುಡಿದಿದ್ದರು.

"ಜಲಜಾ, ತಳ ಬಿಚ್ಚಿ ಹೊಸ ಪ್ಲೇಟು ಹಾಕುದು ಅಂದ್ರೆ ಎರಡು ಮಳೆಗಾಲ. ಅಷ್ಟರಲ್ಲಿ ಆ ಶೆಡ್ಡಿನಲ್ಲಿ ಇನ್ನೆಷ್ಟು ಹೆಣ ಬೀಳ್ತದೆ? ಬರೇ ನಿಮ್ಮ ನೆನಪಿನ ಮೇಲೆ ನಾನು ಹಡಗು ನಿಲ್ಲಿಸುದಾ? ಪುಸ್ತಕದಲ್ಲಿ ಹದಿನಾರು ಅಂತ ಉಂಟು. ನೀವೇ ಬರ್ದದ್ದು. ಪುರಾವೆ ಎಂತ ಉಂಟು?"

ಜಲಜಳ ಬಳಿ ಪುರಾವೆ ಇರಲಿಲ್ಲ. ನೀರಿಗಿಳಿದ ಪ್ಲೇಟು ಸವೆದಿರುತ್ತದೆ, ಇಳಿಯದ ಪ್ಲೇಟು ಎಲ್ಲಿಂದ ತರುವುದು? ಶೈನಿಗೆ ಹೊಳೆಯಿತು. ಒಂದೊಂದು ಹಡಗು ಇಳಿದಾಗಲೂ ಮಿಕ್ಕಿದ ಪ್ಲೇಟಿನ ತುಂಡಿನಿಂದ ಒಂದು ಬೆಂಚು ಮಾಡಿ ಕ್ಯಾಂಟೀನಿನಲ್ಲಿ ಇಡುವುದು ವೆಲ್ಡರುಗಳ ಪದ್ಧತಿ. ಹಡಗಿನ ನಂಬರು ಬೆಂಚಿನ ಕಾಲಿಗೆ ಕೊರೆದಿರುತ್ತಾರೆ. ಮೂವರೂ ಕ್ಯಾಂಟೀನಿಗೆ ನಡೆದರು. ಚಾ ಕುಡಿಯುತ್ತಿದ್ದವರನ್ನು ಎಬ್ಬಿಸಿ, ಬಣ್ಣ ಕೆರೆದು, ಕ್ಯಾಲಿಪರು ಹಿಡಿದು ಶೈನಿ ಅಳೆದಳು. ಹದಿನಾರು ಪಾಯಿಂಟ್ ಆರು. ಹದಿನಾರು ಪಾಯಿಂಟ್ ಐದು. ಹದಿನಾರು ಪಾಯಿಂಟ್ ಏಳು. ಒಂಬತ್ತು ಬೆಂಚು ಮುಗಿಯುವಷ್ಟರಲ್ಲಿ ಕ್ಯಾಂಟೀನು ಪೂರ್ತಿ ಸುತ್ತ ನಿಂತಿತ್ತು.

ಬಾಳಿಗರು ತಾವೇ ಕ್ಯಾಲಿಪರು ಹಿಡಿದು ಕೊನೆಯ ಬೆಂಚನ್ನು ಮತ್ತೊಮ್ಮೆ ಅಳೆದರು. ಆಮೇಲೆ ಜಲಜಳನ್ನು ಪಕ್ಕಕ್ಕೆ ಕರೆದರು. "ಹಡಗು ನಿಲ್ಲಿಸ್ತೇನೆ. ಆದ್ರೆ ಯಂತ್ರದ ತಪ್ಪು ಅಂತ ಬರೆಯುವ. ನಿಮ್ಮದು ಒಂದು ತಿಂಗಳು ಉಂಟು, ಮರ್ಯಾದೆಯಲ್ಲಿ ಹೋಗಿ."

ಜಲಜಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳ ಹಾಗೆ ನಿಂತಳು. ಯಂತ್ರದ ತಪ್ಪೆಂದರೆ ಅದು ಕೊನೆಗೆ ಬಂದು ಬೀಳುವುದು ಶೈನಿಯ ತಲೆಗೆ.

"ಯಂತ್ರ ತಪ್ಪು ಮಾಡ್ಲಿಲ್ಲ ಸಾರ್" ಎಂದಳು. "ನಾನು ಬರ್ದದ್ದನ್ನು ನಂಬಿತು, ಅಷ್ಟೇ."

ಸುದ್ದಿ ಅವಳಿಗಿಂತ ಮೊದಲೇ ಗುಡ್ಡೆ ಹತ್ತಿತ್ತು. ಶೆಡ್ಡಿನ ಹೆಂಗಸರು ದಾರಿಗೆ ಅಡ್ಡ ನಿಂತರು. ನಿನಗೆ ಕೊಸರು ಕೇಳಲು ಹೇಳಿದವರಾರು ಎಂದರು ಕೆಲವರು. ಕೇಳಿದ್ದು ಸರಿ, ಈಗ ಬಾಯಿಬಿಡಲು ಹೇಳಿದವರಾರು ಎಂದರು ಉಳಿದವರು. ಹೋದ ವರ್ಷ ಜ್ವರದಲ್ಲಿ ಮಗನನ್ನು ಕಳೆದುಕೊಂಡ ಕಮಲಾಕ್ಷಿ ಅವಳ ಕಾಲ ಬಳಿ ಉಗಿದು ಹೋದಳು. ಜಲಜ ತಲೆ ತಗ್ಗಿಸಿ ಒಳಗೆ ಬಂದಳು.

ಶಶಿಕಲಾ ಗೋಣಿಯ ಮುಂದೆ ಕೂತಿದ್ದಳು. "ಎಷ್ಟು ಮಳೆ?" ಎಂದು ಕೇಳಿದಳು.

"ಎರಡು."

ಶಶಿಕಲಾ ಹಲ್ಲಿನಿಂದ ದಾರ ಕಡಿದು ಗೋಣಿಯ ಬಾಯಿ ಬಿಚ್ಚಿ, ಅನ್ನದ ಪಾತ್ರೆಯನ್ನು ಹೊರಗೆ ತೆಗೆದಳು. ಅದೇ ಕೊನೆ. ಅವತ್ತಿನಿಂದ ಅವಳು ದೊಡ್ಡಮ್ಮನೊಡನೆ ಮಾತು ಬಿಟ್ಟಳು. ಊಟಕ್ಕೆ ಬಟ್ಟಲು ಇಡುತ್ತಿದ್ದಳು, ಕರೆಯುತ್ತಿರಲಿಲ್ಲ.

ವಿಚಾರಣೆ ನಾಲ್ಕು ತಿಂಗಳು ನಡೆಯಿತು. ಕೊಟ್ರೇಶಿ ಕೋಲೂರಿಕೊಂಡು ಬಂದು ಸಾಕ್ಷಿ ಹೇಳಿದ. ಸುಳ್ಳು ದಾಖಲೆ ಬರೆದದ್ದಕ್ಕೆ ಜಲಜಳ ಪಿಂಚಣಿ ಅರ್ಧವಾಯಿತು, ಹುದ್ದೆ ವಿಚಾರಣೆಯ ಮೊದಲೇ ಹೋಗಿತ್ತು. ಆದರೆ ಒಂಬತ್ತು ಹಡಗಿನ ಹಳೆಯ ಪುಸ್ತಕ ತಿದ್ದಲು ಅವಳಲ್ಲದೆ ಬೇರೆ ಗತಿಯಿರಲಿಲ್ಲ. ದಿನಗೂಲಿಯ ಮೇಲೆ ಅವಳನ್ನು ಅಲ್ಲೇ ಇಟ್ಟುಕೊಂಡರು. ತಿದ್ದಿದ ಲೆಕ್ಕವನ್ನು ಯಂತ್ರಕ್ಕೆ ಉಣಿಸಿದ ದಿನ ಶೈನಿ ಅವಳನ್ನು ಮೇಲೆ ಕರೆದಳು. "ನೋಡಿ ಜಲಜಕ್ಕ, ನಿಮ್ಮ ಕೊಸರು ಆ ಒಂಬತ್ತು ಊರಿಗೂ ಆರಾರು ವರ್ಷ ಕೊಟ್ಟಿದೆ. ಬೇಜಾರು ಮಾಡ್ಬೇಡಿ."

"ಕೊಟ್ಟದ್ದು ದೊಡ್ಡದಲ್ಲ ಮಗಾ. ಬರ್ದಿದ್ರೆ ಶೆಡ್ಡಿನವರ ಎರಡು ಮಳೆ ಹೋಗ್ತಿರ್ಲಿಲ್ಲ" ಎಂದಳು ಜಲಜ. ಅವಳಿಗೆ ಅಳು ಬಂತು, ಅತ್ತಳು.

ದೇಶದ ಹಡಗುಕಟ್ಟೆಗಳ ಆವಕ ಪುಸ್ತಕಕ್ಕೆಲ್ಲ ಆಮೇಲೆ ಒಂದು ಹೊಸ ಕಾಲಂ ಬಂತು. ಅದಕ್ಕೆ ಇಡಲು ಬೇರೆ ಶಬ್ದ ಸಿಗದೆ ಕಮಿಟಿಯವರು ಕೊಸರು ಎಂದೇ ಹೆಸರಿಟ್ಟರು. ಬರೆಯುವುದು ಕಡ್ಡಾಯವಾದ ಮೇಲೆ ಕಾರ್ಖಾನೆಗಳು ಅದಕ್ಕೂ ಬಿಲ್ಲು ಹಾಕತೊಡಗಿದವು. ಕೊಸರು ಕೊಡುವವರು ಯಾರೂ ಉಳಿಯಲಿಲ್ಲ. ಆ ಕಾಲಮ್ಮಿನಲ್ಲಿ ಎಲ್ಲ ಕಡೆ ಸೊನ್ನೆ.

ಹತ್ತನೇ ಹಡಗಿಗೆ ಹದಿನೈದು ಮಿಲಿಮೀಟರಿನ ಪ್ಲೇಟು ಬಂತು. ಬಂದ ಒಂದೊಂದನ್ನೂ ಜಲಜ ನಾಲ್ಕು ಮೂಲೆಗೆ ನಾಲ್ಕು ಸಲ, ನಡುವೆ ಒಂದು ಸಲ ಅಳೆದಳು. ಎರಡು ಮಳೆಗಾಲ ಅವಳು ಮಾಡಿದ್ದು ಅದೇ ಕೆಲಸ. ಬೆರಳುಗಳು ಸೀಳಿದವು. ಗುಡ್ಡೆಯ ಶೆಡ್ಡಿನಲ್ಲಿ ಆ ಎರಡು ಮಳೆಗೆ ಮೂರು ಮಂದಿ ಸತ್ತರು. ಮೂರೂ ಮನೆಗೆ ಅವಳು ಹೋದಳು. ಒಂದರಲ್ಲಿ ಒಳಗೆ ಬಿಟ್ಟರು, ಎರಡರಲ್ಲಿ ಬಿಡಲಿಲ್ಲ.

ಜನ ಹತ್ತುವ ದಿನ ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಜಲಜ ಹಡಗಿನ ಏಣಿಯ ಬುಡದಲ್ಲಿ ಒಂದು ಬದಿಗೆ ನಿಂತಿದ್ದಳು. ಸಾಲಿನಲ್ಲಿ ಶಶಿಕಲಾ ಬಂದಳು, ಸೊಂಟಕ್ಕೆ ಗೋಣಿ, ಕೈಯಲ್ಲಿ ದಿಶಾಳ ಕೈ. ಹಿಂದೆ ಗಂಡ ಕಡೆಯುವ ಕಲ್ಲು ಹೊತ್ತಿದ್ದ. ದಾಟಿ ಹೋಗುತ್ತಾಳೆ ಎಂದುಕೊಂಡು ಜಲಜ ಕಣ್ಣು ಕೆಳಗೆ ಮಾಡಿದಳು. ಶಶಿಕಲಾ ದಾಟಲಿಲ್ಲ.

"ಈ ಸಲ ಎಷ್ಟು ವರ್ಷ?" ಎಂದಳು. ಎರಡು ಮಳೆಯ ಮೇಲೆ ಅವಳು ಆಡಿದ ಮೊದಲ ಮಾತು.

"ಮೂವತ್ತು."

"ಜೋಯಿಸ ಹೇಳಿದ್ದಾ, ನೀವು ಹೇಳುದಾ?"

"ನಾನು ಹೇಳುದು. ಒಂದೊಂದು ಪ್ಲೇಟೂ ನಾನು ಅಳೆದದ್ದು. ಇದ್ದದ್ದನ್ನೇ ಬರ್ದದ್ದು."

ಶಶಿಕಲಾ ದೊಡ್ಡಮ್ಮನ ಸೀಳಿದ ಬೆರಳುಗಳನ್ನು ನೋಡಿದಳು, ಮುಖ ನೋಡಿದಳು. "ನಿಮ್ಮ ಚೀಲ ಎಲ್ಲಿ?"

"ತರ್ಲಿಲ್ಲ. ನಾನು ಬರುದು ನಿಂಗೆ ಬೇಡ ಅಂತ ಗ್ರಹಿಸಿದೆ."

"ಮೂವತ್ತು ವರ್ಷಕ್ಕೆ ಹೋಗುದು. ಮಗುವನ್ನು ನೋಡ್ಲಿಕ್ಕೆ ಜನ ಬೇಡ್ವಾ? ಹೋಗಿ ತನ್ನಿ ದೊಡ್ಡಮ್ಮ. ಒಟ್ಟಿಗೆ ಹತ್ತುವ."

ಹಿಂದಿನವರು ದಾರಿ ಬಿಡಿ ಎಂದು ಗದರಿದರು. ಶಶಿಕಲಾ ಗೋಣಿಯನ್ನು ಏಣಿಯ ಮೊದಲ ಮೆಟ್ಟಿಲಿಗೆ ಅಡ್ಡ ಇಟ್ಟು, ಅದರ ಮೇಲೆ ಕೂತೇಬಿಟ್ಟಳು. "ನಮ್ಮ ಒಬ್ರು ಬರ್ಲಿಕ್ಕುಂಟು" ಎಂದಳು ಎಲ್ಲರಿಗೂ ಕೇಳುವ ಹಾಗೆ. ಜಲಜ ಸೆರಗಿನಿಂದ ಕಣ್ಣೊರೆಸಿಕೊಂಡು, ಅರವತ್ತೆರಡರ ಕಾಲು ಎಳೆದಷ್ಟು ಬೇಗ, ಗುಡ್ಡೆಯ ಕಡೆಗೆ ನಡೆದಳು.